ಸಂಪಾದಕರ ಉತ್ತರ: ಕಾಕಾಪೋ ಮತ್ತು ನಿಮ್ಮ ತೋಟದ ನಂದಿ ಮರ

(ಮೂಡಿಗೆರೆಯ ಬೆಳೆಗಾರರೊಬ್ಬರ ಪತ್ರ: ನ್ಯೂಜಿಲೆಂಡಿನವರು ಹಾರಲಾರದ ಕಾಕಾಪೋ ಗಿಳಿಗೆ ಒಂದೊಂದಕ್ಕೂ ಹೆಸರಿಟ್ಟು, ಟ್ರಾನ್ಸ್‌ಮಿಟರ್ ಕಟ್ಟಿ ಉಳಿಸಿಕೊಂಡಿದ್ದಾರೆ. ನಮ್ಮ ತೋಟದಲ್ಲಿ ಕಡಿಮೆಯಾಗುತ್ತಿರುವ ನೀಲಿರೆಕ್ಕೆಯ ಗಿಳಿಗೂ ಸರ್ಕಾರ ಅಂಥ ಕೇಂದ್ರ ತೆರೆಯಬಾರದೇಕೆ? ಒಣಗಿದ ನಂದಿ ಮರವೊಂದನ್ನು ಈ ಬೇಸಿಗೆಯಲ್ಲಿ ಕಡಿಸುವುದಾಗಿಯೂ ಅವರು ತಿಳಿಸಿದ್ದಾರೆ.)

ಮಾನ್ಯರೇ,

ಹಾಲುವಾಣ ಹೂ ಬಿಟ್ಟಾಗ ಮಕರಂದಕ್ಕೆ ಎಷ್ಟು ಗಿಳಿ ಬಂದವೆಂದು ಲೆಕ್ಕವಿಡುವ ಬೆಳೆಗಾರರು ನಮ್ಮ ಓದುಗರಲ್ಲಿದ್ದಾರೆ ಎಂಬುದೇ ನನಗೆ ಸಂತೋಷ. ಮನುಷ್ಯಪ್ರಯತ್ನದ ಬಗ್ಗೆ ನೀವು ಬರೆದದ್ದು ಸರಿ. 1995ರಲ್ಲಿ 51 ಉಳಿದಿದ್ದ ಕಾಕಾಪೋ 2022ರಲ್ಲಿ 252 ಆದದ್ದು ಅಂಥ ದುಡಿಮೆಯಿಂದಲೇ.

ಆದರೆ ಆ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ರಿಮು ಎಂಬ ಮರ. ಅದು ಹೇರಳವಾಗಿ ಫಲ ಬಿಡುವುದು ಎರಡರಿಂದ ನಾಲ್ಕು ವರ್ಷಕ್ಕೊಮ್ಮೆ. ಗಂಡು ಕಾಕಾಪೋ ನೆಲದಲ್ಲಿ ಬೋಗುಣಿಯಂಥ ತಗ್ಗು ಮಾಡಿಕೊಂಡು ರಾತ್ರಿಯಿಡೀ ಗುಮ್ಮೆಂದು ಕರೆಯುವುದೂ, ಹೆಣ್ಣು ಮೊಟ್ಟೆಯಿಡುವುದೂ ಬಹುಮಟ್ಟಿಗೆ ಆಗಲೇ. ಈ ಕಾಯುವಿಕೆಯನ್ನು ಕುಗ್ಗಿಸಲು ತಜ್ಞರು ಪೌಷ್ಟಿಕ ಆಹಾರವಿಟ್ಟು ನೋಡಿದರು. ಹೆಣ್ಣುಗಳು ಮೈತುಂಬಿಕೊಂಡವು, ಹುಟ್ಟಿದ ಮರಿಗಳಲ್ಲಿ ಗಂಡೇ ಹೆಚ್ಚಾದವು, ರಿಮು ಕಾಡಿನಲ್ಲಿ ಮರಿ ಮಾಡುವ ವರ್ಷಗಳ ಅಂತರ ಮಾತ್ರ ಕುಗ್ಗಲಿಲ್ಲ. ಇನ್ನೂ ಹಿಂದೆ, 1890ರ ದಶಕದಲ್ಲಿ, ರಿಚರ್ಡ್ ಹೆನ್ರಿ ಎಂಬ ಪುಣ್ಯಾತ್ಮ ನೂರಾರು ಕಾಕಾಪೋಗಳನ್ನು ರೆಸಲ್ಯೂಷನ್ ದ್ವೀಪಕ್ಕೆ ಸಾಗಿಸಿದ್ದರು. ಮುಂಗುಸಿಯಂಥ ಸ್ಟೋಟ್‌ಗಳು ಅಲ್ಲಿಗೂ ಈಜಿ ಬಂದು ಆ ಶ್ರಮವನ್ನೆಲ್ಲ ಮಣ್ಣುಪಾಲು ಮಾಡಿದವು. ನೆಲೆ ಭದ್ರವಿಲ್ಲದೆ ಹಕ್ಕಿಯನ್ನಷ್ಟೇ ಎತ್ತಿಕೊಂಡು ಓಡಾಡಿ ಫಲವಿಲ್ಲವೆಂದು ನಾನು ಹಟ ಹಿಡಿಯುವುದು ಇದಕ್ಕೇ.

ನಮ್ಮ ಗಿಳಿ ಕಾಕಾಪೋವಿನಷ್ಟು ಅಪಾಯದಲ್ಲಿಲ್ಲ. ಆದರೂ ಪಶ್ಚಿಮಘಟ್ಟ ಬಿಟ್ಟರೆ ಅದಕ್ಕೆ ಬೇರೆ ನಾಡಿಲ್ಲ, ಪೊಟರೆ ಬಿಟ್ಟರೆ ಬೇರೆ ಗೂಡಿಲ್ಲ. ಮರಕುಟಿಕವೋ ಕುಟ್ರುಹಕ್ಕಿಯೋ ಕೊರೆದು ಬಿಟ್ಟ ತೂತನ್ನು, ಕೊಂಬೆ ಮುರಿದಲ್ಲಿ ಕೊಳೆತು ಟೊಳ್ಳಾದ ಜಾಗವನ್ನು ಅದು ಹುಡುಕಬೇಕು. ತೋಟದ ನೆರಳಿಗೆಂದು ನಾವು ನೆಡುವ ಸಿಲ್ವರ್ ಓಕ್ ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬುತ್ತದೆ, ಕಷ್ಟಕಾಲಕ್ಕೆ ಮಾರಲೂ ಆಗುತ್ತದೆ, ನಿಜ. ಆದರೆ ಪೊಟರೆ ಬೀಳುವಷ್ಟು ಮುದಿಯಾಗಲು ನಾವು ಅದನ್ನು ಬಿಡುವುದೇ ಇಲ್ಲ.

ನನ್ನ ಸೋದರಮಾವನ ತೋಟದಲ್ಲಿ ಹುಳುಕು ಹಿಡಿದ ಒಂದು ಕಾಡುಮಾವಿನ ಮರವಿತ್ತು. ಮರಗಸಿಯ, ಎಂದರೆ ನೆರಳಿನ ಮರಗಳ ಕೊಂಬೆ ಸವರುವ, ಆಳುಗಳು ವರ್ಷವೂ ಅದರ ಮೋಟುಕೊಂಬೆಯನ್ನು ಗಿಳಿಗೆಂದು ಬಿಟ್ಟಿರುತ್ತಿದ್ದರು. ಮಾವ ತೀರಿಕೊಂಡ ಮೇಲೆ ಅದು ಸೌದೆಯಾಯಿತು. ಮರುವರ್ಷ ಜೋಡಿಯೊಂದು ಮರವಿದ್ದ ಬಯಲಿನ ಮೇಲೆ ಕಿರುಚುತ್ತ ಸುತ್ತಿದ್ದನ್ನು ನಾನು ಕಂಡಿದ್ದೇನೆ. ಮರವೆಂದರೆ ಸುತ್ತಳತೆ, ಘನ ಅಡಿ, ದರ ಎಂದಷ್ಟೇ ಕಲಿತ ನಮಗೆ ಒಣಮರ ದಂಡವೆನಿಸುತ್ತದೆ. ರಸ್ತೆಬದಿಯ ಸಾಲುಮರಗಳನ್ನೂ ಇದೇ ಲೆಕ್ಕದಲ್ಲಿ ಕಳೆದುಕೊಂಡೆವು.

ಬೇಸರಿಸಬೇಡಿ, ಗಿಳಿಗೆ ಕೇಂದ್ರ ಕೇಳಿದ ಕಾಗದದಲ್ಲೇ ನೀವು ನಂದಿ ಮರಕ್ಕೆ ಕೊಡಲಿಯನ್ನೂ ಗೊತ್ತು ಮಾಡಿದ್ದೀರಿ. ಗಿಳಿ ಗೂಡು ಮಾಡುವುದೂ ಹೆಚ್ಚಾಗಿ ಜನವರಿಯಿಂದ ಮಾರ್ಚ್‌ವರೆಗಿನ ಈ ದಿನಗಳಲ್ಲೇ. ವ್ಯಾಪಾರಿಗೆ ಹೇಳಿಕಳಿಸುವ ಮುನ್ನ ನಾಲ್ಕು ಬೆಳಗು ಅದರ ಬುಡದಿಂದ ತುಸು ದೂರ ಕುಳಿತು ಮೇಲೆ ನೋಡಿ. ಪೊಟರೆಯಿಂದ ಯಾರಾದರೂ ಇಣುಕಿದರೆ ನನಗೆ ಬರೆಯಿರಿ.