ಮುಂಗುಸಿ ಹೇಗೆ ನಾಯಿಯಾಯಿತು?

ನಿಮ್ಮ ಪತ್ರ ಓದಿದೆ. ಹಾವು ಕೊಂದು ಮಗುವನ್ನು ಉಳಿಸಿದ ಮುಂಗುಸಿ, ಅದರ ಬಾಯಲ್ಲಿ ರಕ್ತ ಕಂಡು ಕೊಡ ಎತ್ತಿಹಾಕಿದ ತಾಯಿ: ಈ ಪಂಚತಂತ್ರದ ಕಥೆಯನ್ನು ವೇಲ್ಸ್‌ನವರು ಗೆಲರ್ಟ್ ಎಂಬ ನಾಯಿಯ ಕಥೆ ಮಾಡಿಕೊಂಡು, ಸಮಾಧಿಯನ್ನೂ ಕಟ್ಟಿದ್ದಾರೆ, ಇದು ಕಳ್ಳತನ ಅಲ್ವಾ ಎಂದು ಕೇಳಿದ್ದೀರಿ.

ಕಳ್ಳನನ್ನು ಹಿಡಿಯಲು ಹೊರಟರೆ ದಾರಿ ಬಹಳ ಉದ್ದ. ಪಂಚತಂತ್ರ 6ನೇ ಶತಮಾನದಲ್ಲಿ ಪರ್ಷಿಯಾ ಸೇರಿತು. 8ನೇ ಶತಮಾನದಲ್ಲಿ ಇಬ್ನ್ ಅಲ್-ಮುಕಫ್ಫಾ ಅದನ್ನು ಅರಬ್ಬಿಗೆ ತಂದ. ಮುಂದೆ ಹೀಬ್ರೂ, ಲ್ಯಾಟಿನ್. ಮುಂಗುಸಿಯನ್ನೇ ನೋಡಿರದ ಜನರ ಬಾಯಿಗೆ ಬಂದಾಗ ಅದು ನಾಯಿಯಾಯಿತು. ವೇಲ್ಸ್‌ನಲ್ಲಿ ಹಾವೂ ಹೋಗಿ ತೋಳ ಬಂತು. ರಕ್ತ ಮೆತ್ತಿದ ಬಾಯಿಯೊಂದು ಹಾಗೇ ಉಳಿಯಿತು.

ಆ ಸಮಾಧಿಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 18ನೇ ಶತಮಾನದ ಕೊನೆಗೆ ಅಲ್ಲಿನ ಹೋಟೆಲಿನವನು ಪ್ರವಾಸಿಗರು ಬರಲಿ ಎಂದು ಮಾಡಿಸಿದ್ದು ಎನ್ನುತ್ತಾರೆ. ಜಾಣ!

ನನ್ನನ್ನು ಕಾಡುವುದು ಫ್ರಾನ್ಸಿನ ಬೇಟೆನಾಯಿ ಗಿನ್‌ಫೋರ್. 13ನೇ ಶತಮಾನದಲ್ಲಿ ಲಿಯೋನ್ ಸೀಮೆಗೆ ಎಟಿಯೆನ್ ಎಂಬ ಪಾದ್ರಿ ಬಂದ. ಕೂಸುಗಳನ್ನು ಸಂತ ಗಿನ್‌ಫೋರ್ ಹತ್ತಿರ ಒಯ್ದಿದ್ದೆವು ಎಂದು ಹೆಂಗಸರು ಪಾಪನಿವೇದನೆಯಲ್ಲಿ ಹೇಳುತ್ತಿದ್ದರು. ಯಾರೋ ಪುಣ್ಯಾತ್ಮ ಇರಬೇಕು ಅಂದುಕೊಂಡ ಪಾದ್ರಿ. ವಿಚಾರಿಸಿದರೆ ನಾಯಿ! ಮಗುವನ್ನು ಹಾವಿನಿಂದ ಉಳಿಸಿ, ಯಜಮಾನನ ಕತ್ತಿಗೆ ಸತ್ತ ನಾಯಿ. ಅದನ್ನು ಬಾವಿಗೆ ಹಾಕಿ, ಕಲ್ಲು ಪೇರಿಸಿ, ಸುತ್ತ ಮರ ನೆಟ್ಟಿದ್ದರಂತೆ. ತಾಯಂದಿರು ಅಲ್ಲಿ ಉಪ್ಪು ಇಡುತ್ತಿದ್ದರು. ಕೂಸಿನ ಬಟ್ಟೆಯನ್ನು ಪೊದೆಗೆ ನೇತುಹಾಕುತ್ತಿದ್ದರು. ಬರಿಮೈ ಕೂಸನ್ನು ಎರಡು ಮರಗಳ ನಡುವೆ 9 ಸಲ ಆಚೆಯಿಂದ ಈಚೆಗೆ ದಾಟಿಸುತ್ತಿದ್ದರು. ಇದರಲ್ಲಿ ಕೂಸುಗಳು ಸಾಯುತ್ತಿದ್ದುದೂ ಉಂಟು ಎಂದು ಪಾದ್ರಿ ಬರೆದಿದ್ದಾನೆ. ಅವನ ಸಿಟ್ಟಿಗೆ ಕಾರಣ ಇತ್ತು, ಸುಮ್ನೆ ಅಲ್ಲ.

ಅವನು ಮೂಳೆ ಅಗೆಸಿದ, ಮರ ಕಡಿಸಿದ, ಎರಡನ್ನೂ ಸುಡಿಸಿದ. ಮತ್ತೆ ಅಲ್ಲಿಗೆ ಹೋದವರ ಆಸ್ತಿ ಜಪ್ತಿ ಎಂದು ಆಜ್ಞೆಯನ್ನೂ ಹೊರಡಿಸಿದ. ಆದರೂ 19ನೇ ಶತಮಾನದವರೆಗೆ ತಾಯಂದಿರು ಅಲ್ಲಿಗೆ ಹೋಗುವುದನ್ನು ಬಿಡಲಿಲ್ಲ. ಅವರಲ್ಲಿ ಯಾರಿಗೂ ಪಂಚತಂತ್ರದ ಹೆಸರು ಗೊತ್ತಿರಲಿಕ್ಕಿಲ್ಲ. ಕಾಯಿಲೆ ಕೂಸನ್ನು ಎತ್ತಿಕೊಂಡು ಬಂದವರನ್ನು ಕಳ್ಳರು ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಮಕ್ಕಳಿಗೆ ಕಥೆ ಹೇಳುವಾಗ ಯಾವ ಪ್ರಾಣಿ ಇರಲಿ ಎಂದೂ ಕೇಳಿದ್ದೀರಿ. ಮುಂಗುಸಿಯೇ ಇರಲಿ. ಹಾವಿನ ಎದುರು ನಿಲ್ಲಲು ಅದೇ ಸರಿ. ಮಗು ಮುಂಗುಸಿ ನೋಡಿಲ್ಲವೆಂದರೆ ಧಾರಾಳವಾಗಿ ನಾಯಿ ಎನ್ನಿ.

– ಸಂಪಾದಕ