ಓದುಗರ ಪ್ರಶ್ನೆ: ಟ್ರಾಂಬೋನ್ ಕೊಳ್ಳುವಾಗ ಮೊದಲು ಸ್ಲೈಡ್ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಟ್ರಾಂಬೋನ್‌ದೇ ಜಾಸ್ತಿ. ಡೊಂಬಿವಲಿಯಿಂದ ವಾಸ್ಕೋವರೆಗೆ ಇಷ್ಟು ಜನ ನಮ್ಮವರು ಇದನ್ನು ಕೊಳ್ಳುವ ಯೋಚನೆಯಲ್ಲಿದ್ದಾರೆ ಅಂತ ತಿಳಿದು ತುಂಬ ಖುಷಿಯಾಯಿತು. ಹಾಗಾಗಿ ಇಡೀ ಅಂಕಣ ಅದಕ್ಕೇ. ಎಲ್ಲರೂ ಕೇಳಿರುವುದು ಟೆನರ್ ಟ್ರಾಂಬೋನ್ ಬಗ್ಗೆ, ಅಂದರೆ ಬಿ ಫ್ಲ್ಯಾಟ್ ಶ್ರುತಿಯ, ಸುಮಾರು ಒಂಬತ್ತು ಅಡಿ ಕೊಳವೆಯ, ಸ್ಲೈಡ್ ಅನ್ನುವ ಜಾರುಕೊಳವೆಯನ್ನು ಹಿಂದೆಮುಂದೆ ಎಳೆದು ಸ್ವರ ಬದಲಿಸುವ ಮಾಮೂಲಿ ಊದುವಾದ್ಯ.

ಪ್ರಶ್ನೆ: ಮಗಳಿಗೆ ಹತ್ತು ವರ್ಷ. ಶಾಲೆಯ ಬ್ಯಾಂಡ್‌ನಲ್ಲಿ ಟ್ರಾಂಬೋನೇ ಬೇಕು ಅಂತ ಹಟ ಹಿಡಿದಿದ್ದಾಳೆ. ಕೈ ಸಾಲುವುದಿಲ್ಲ, ಎರಡು ವರ್ಷ ಬಿಟ್ಟು ನೋಡೋಣ ಅಂತಾರೆ ಮಾಸ್ತರು. ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಏನಾದರೂ ಸಿಗುತ್ತಾ? ಪ್ಲಾಸ್ಟಿಕ್‌ನದು ಬರೀ ಆಟದ ಸಾಮಾನಾ? (ಒಬ್ಬ ತಾಯಿ, ಡೊಂಬಿವಲಿ)

ಉತ್ತರ: ಕಾಯಿಸಬೇಡಿ. ಆ ವಯಸ್ಸಿನ ಹಟ ಎರಡು ವರ್ಷ ಉಳಿಯುವುದಿಲ್ಲ. ಮಾಸ್ತರು ಹೇಳುವುದೂ ಸುಳ್ಳಲ್ಲ. ಸ್ಲೈಡಿಗೆ ಏಳು ಪೊಸಿಷನ್, ಅಂದರೆ ನಿಲ್ಲಿಸುವ ಜಾಗಗಳು, ಏಳನೆಯದು ಹತ್ತಿರ ಹತ್ತಿರ ಎರಡಡಿ ದೂರ, ಹತ್ತು ವರ್ಷದ ಕೈಗೆ ಅದು ಎಟಕುವುದು ಕಷ್ಟವೇ. ಆದರೆ ಶುರುವಿನಲ್ಲಿ ಏಳನೇ ಪೊಸಿಷನ್ ಬೇಕಾಗುವುದು ಎಷ್ಟು ಸಲ? ಕೆಳಗಿನ ಇ, ಅದರ ಮೇಲಿನ ಬಿ ನ್ಯಾಚುರಲ್, ಹೆಚ್ಚುಕಮ್ಮಿ ಅಷ್ಟೇ. ಮೊದಲ ವರ್ಷದ ಪಾಠಗಳು ಬಹುಪಾಲು ಒಂದರಿಂದ ನಾಲ್ಕನೇ ಪೊಸಿಷನ್‌ನೊಳಗೇ ಓಡಾಡುತ್ತವೆ, ನಡುನಡುವೆ ಸಿ ಸ್ವರಕ್ಕೆ ಆರನೆಯದು ಬಂದಾಗ ಭುಜ ಸ್ವಲ್ಪ ಮುಂದೆ ಮಾಡಿ ಮುಟ್ಟುತ್ತಾಳೆ ಬಿಡಿ.

ನಿಜವಾದ ತೊಂದರೆ ಬಲಗೈಯದಲ್ಲ, ಎಡಗೈಯದು. ವಾದ್ಯದ ಪೂರ್ತಿ ಭಾರ ಬೀಳುವುದು ಎಡಗೈ ಮೇಲೆ. ಕೈ ಸೋತರೆ ಬೆಲ್, ಅಂದರೆ ಮುಂದಿನ ಅಗಲ ಬಾಯಿ, ಕೆಳಗೆ ವಾಲುತ್ತದೆ, ಬೆನ್ನು ಬಾಗುತ್ತದೆ, ಉಸಿರು ಕಟ್ಟುತ್ತದೆ. ಅದಕ್ಕೇ ನಿಮ್ಮ ಮಗಳಿಗೆ ನಾನು ಪ್ಲಾಸ್ಟಿಕ್‌ನದನ್ನೇ ಹೇಳುತ್ತೇನೆ. ಪಿಬೋನ್ ಅನ್ನುವ ಪ್ಲಾಸ್ಟಿಕ್ ಟ್ರಾಂಬೋನ್ ಆಟದ ಸಾಮಾನಲ್ಲ. ಸುಮಾರು 800 ಗ್ರಾಂ ತೂಕ, ಬೋರ್ (ಕೊಳವೆಯ ಒಳವ್ಯಾಸ) 12.7 ಮಿ.ಮೀ., ಅಂದರೆ ಒಳಗಿನ ಅಳತೆ ಹಿತ್ತಾಳೆಯ ವಿದ್ಯಾರ್ಥಿ ವಾದ್ಯದ್ದೇ. ಬಿದ್ದರೂ ನೆಗ್ಗುವುದಿಲ್ಲ. ಸ್ಲೈಡ್ ಮಾತ್ರ ಒಳ್ಳೆಯ ಲೋಹದ ಸ್ಲೈಡಿನಷ್ಟು ನುಣುಪಾಗಿ ಓಡುವುದಿಲ್ಲ. ಆಗಾಗ ಒರೆಸಿ, ನೀರು ಚಿಮುಕಿಸಿ ಕೊಡಿ. ದನಿಯೂ ಹಿತ್ತಾಳೆಯಷ್ಟು ತುಂಬಿಕೊಂಡು ಬರುವುದಿಲ್ಲ, ಮೊದಲೆರಡು ವರ್ಷಕ್ಕೆ ಅದು ದೊಡ್ಡ ಕೊರತೆಯೇನಲ್ಲ.

ಒಂದು ಎಚ್ಚರ. ಇದೇ ಹೆಸರಿನಲ್ಲಿ ಮಿನಿ ಅಂತ ಇನ್ನೊಂದು ಬರುತ್ತದೆ. ಅದು ಟೆನರ್ ಅಲ್ಲ, ಇ ಫ್ಲ್ಯಾಟ್ ಆಲ್ಟೋ. ಅದರಲ್ಲಿ ಕಲಿತ ಪೊಸಿಷನ್‌ಗಳಲ್ಲಿ ಟೆನರ್‌ನಲ್ಲಿ ಬೇರೆಯೇ ಸ್ವರ ಬರುತ್ತದೆ. ಶಾಲೆಯ ಬ್ಯಾಂಡ್‌ಗೆ ಸೇರುವವಳಿಗೆ ಅದು ಬೇಡ. ಇನ್ನೊಂದು ಮಾತು, ಟ್ರಾಂಬೋನ್‌ನ ಸ್ಲೈಡ್ ಮೇಲೆ ಗೆರೆ ಹಾಕಿರುವುದಿಲ್ಲ, ಸ್ವರ ಸರಿಯಿದೆಯೋ ಇಲ್ಲವೋ ಕಿವಿಯೇ ಹೇಳಬೇಕು. ಮನೆಯಲ್ಲಿ ದೇವರನಾಮವೋ ಭಜನೆಯೋ ಹಾಡುವ ಅಭ್ಯಾಸ ಇದ್ದರೆ ಬಿಡಿಸಬೇಡಿ, ಆ ಕಿವಿ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಎಂಟು ಸಾವಿರಕ್ಕೆ ಹೊಚ್ಚಹೊಸ ಹಿತ್ತಾಳೆ ಟ್ರಾಂಬೋನ್, ಪೆಟ್ಟಿಗೆ ಸಮೇತ. ತಗೊಳ್ಳಲಾ? (ಕಾಲೇಜು ವಿದ್ಯಾರ್ಥಿ, ಥಾಣೆ)

ಉತ್ತರ: ಕೈಯಲ್ಲಿ ಹಿಡಿದು ಸ್ಲೈಡ್ ಎಳೆದು ನೋಡದೆ ಬೇಡ. ಈ ಬೆಲೆಗೆ ಬರುವ ವಾದ್ಯಗಳಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ. ಟ್ರಂಪೆಟ್‌ನಲ್ಲಿ ಸಣ್ಣಪುಟ್ಟ ದೋಷ ಸಹಿಸಬಹುದು, ಟ್ರಾಂಬೋನ್‌ನಲ್ಲಿ ಎರಡು ಜೋಡಿ ಕೊಳವೆಗಳು ಒಂದಕ್ಕೊಂದು ಕೂದಲೆಳೆಯ ಸಂದಿನಲ್ಲಿ ಜಾರಬೇಕು, ಒಂದು ಚೂರು ಸೊಟ್ಟಗಿದ್ದರೂ ಕೈ ಒದ್ದಾಡುತ್ತದೆ. ಪಾಪ, ಎಷ್ಟೋ ಮಕ್ಕಳು ತಮಗೇ ಕೈ ಬರುವುದಿಲ್ಲ ಅಂದುಕೊಂಡು ಬಿಟ್ಟುಬಿಡುತ್ತಾರೆ. ತಪ್ಪು ಅವರದಲ್ಲ, ಸ್ಲೈಡಿನದು. ಎಂಟು ಸಾವಿರವೇ ಮಿತಿಯಾದರೆ ಈಗ ಬಾಡಿಗೆಗೆ ಅಥವಾ ಸಂಘದಿಂದ ಎರವಲು ಕೇಳಿ, ದುಡ್ಡು ಕೂಡಿಸಿ, ಆಮೇಲೆ ಹಳೆಯದಾದರೂ ಒಳ್ಳೆಯದನ್ನು ತಗೊಳ್ಳಿ.

ಪ್ರಶ್ನೆ: ನಾನು ಕಾರವಾರದವನು, ಕೆಲಸ ವಾಸ್ಕೋದಲ್ಲಿ. ಫೆಸ್ತ್‌ಗಳಲ್ಲಿ, ಅಂದರೆ ಇಗರ್ಜಿ ಹಬ್ಬಗಳಲ್ಲಿ, ನುಡಿಸುವ ಬ್ಯಾಂಡ್‌ ಒಂದರಲ್ಲಿ ಗೆಳೆಯರ ಜೊತೆ ಊದುತ್ತೇನೆ, ಇಷ್ಟು ದಿನ ಎರವಲು ವಾದ್ಯ. ಮಡಗಾಂವ್‌ನಲ್ಲಿ ವಯಸ್ಸಾದ ವಾದಕರೊಬ್ಬರು ತಮ್ಮ ಹಳೆಯ ಕಿಂಗ್ 3ಬಿ ಟ್ರಾಂಬೋನ್ ಕೊಡುತ್ತೇನೆ ಅಂದಿದ್ದಾರೆ, ನಲವತ್ತೈದು ಸಾವಿರ ಹೇಳುತ್ತಾರೆ. ಏನೇನು ನೋಡಬೇಕು? (ವಾಸ್ಕೋ)

ಉತ್ತರ: ನಿಮ್ಮ ಕೆಲಸಕ್ಕೆ ಮಾಡಿಸಿದಂಥ ವಾದ್ಯ ಅದು. 3ಬಿ ಬೋರ್ 0.508 ಇಂಚು, ಸುಮಾರು 12.9 ಮಿ.ಮೀ., ಬೆಲ್ ಎಂಟು ಇಂಚು. ಬಯಲಿನಲ್ಲಿ, ಪಟಾಕಿ ಗಂಟೆಗಳ ನಡುವೆ, ದನಿ ನೆಟ್ಟಗೆ ಮುಂದಕ್ಕೆ ಹೋಗುತ್ತದೆ, ಉಸಿರೂ ಕಡಿಮೆ ಸಾಕು. ಮೊದಲು ಬೆಲ್ ಮೇಲಿನ ಕೆತ್ತನೆ ಓದಿ. ಹಳೆಯ ಕಿಂಗ್ ವಾದ್ಯಗಳ ಮೇಲೆ ಎಚ್.ಎನ್. ವೈಟ್ ಕಂಪನಿಯ ಹೆಸರು, ಊರು ಕ್ಲೀವ್‌ಲ್ಯಾಂಡ್ ಅಂತ ಇರುತ್ತದೆ, ಅದು ಸರಿ. ಆದರೆ ವಾದ್ಯದ ಹೆಸರೇ ಕ್ಲೀವ್‌ಲ್ಯಾಂಡ್ ಅಂತ ಇದ್ದರೆ ಅದು ಅದೇ ಕಂಪನಿ ಕಲಿಯುವವರಿಗಾಗಿ ಮಾಡಿದ ಬೇರೆ ಸಾಲು, 3ಬಿ ಬೆಲೆ ಕೊಡಬೇಡಿ.

ಆಮೇಲೆ ಬೆಲ್ ಪಕ್ಕಕ್ಕಿಡಿ. ಬೆಲ್ ಹೊಳೆಯುತ್ತಿದೆಯಾ, ಲ್ಯಾಕರ್ ಮೆರುಗು ಹೋಗಿದೆಯಾ ಅನ್ನುವುದೆಲ್ಲ ಆಮೇಲಿನ ಮಾತು. ಸ್ಲೈಡ್ ಭಾಗವನ್ನು ಬಿಚ್ಚಿ, ಹೊರಗಿನದನ್ನು ಪೂರ್ತಿ ಎಳೆದು ತೆಗೆದು, ಒಳಗಿನ ಎರಡು ಕೊಳವೆಗಳನ್ನು ಕಿಟಕಿ ಬೆಳಕಿಗೆ ಹಿಡಿಯಿರಿ. ತುದಿಯಲ್ಲಿ ಸ್ವಲ್ಪ ದಪ್ಪಗಿರುವ ಭಾಗವಿದೆಯಲ್ಲ, ಅದಕ್ಕೆ ಸ್ಟಾಕಿಂಗ್ ಅನ್ನುತ್ತಾರೆ, ಹೊರಗಿನ ಕೊಳವೆಗೆ ತಾಗುವುದು ಬಹುಮಟ್ಟಿಗೆ ಅದೊಂದೇ. ಅಲ್ಲಿನ ಕ್ರೋಮ್ ಕನ್ನಡಿಯಂತೆ ಇರಬೇಕು. ಉಗುರಿನಿಂದ ಮೆಲ್ಲಗೆ ಗೀರಿ ನೋಡಿ. ಸಿಪ್ಪೆ ಎದ್ದಿದ್ದರೆ, ಕ್ರೋಮ್ ಕೆಳಗಿನ ಲೋಹ ಕಾಣುತ್ತಿದ್ದರೆ, ಉದ್ದಕ್ಕೆ ಗೀರು ಬಿದ್ದಿದ್ದರೆ ಆ ಸ್ಲೈಡ್ ಸವೆದಿದೆ ಅಂತಲೇ. ಕ್ರೋಮ್ ಮತ್ತೆ ಹಾಕಿಸುವುದು ಮೂಲೆ ಅಂಗಡಿಯ ಕೆಲಸವಲ್ಲ.

ಹೊರಗಿನ ಕೊಳವೆಗಳ ಮೇಲೆ ಬೆರಳು ಹಾಯಿಸಿ. ಕಣ್ಣಿಗೆ ಕಾಣದ ನೆಗ್ಗು ಬೆರಳಿಗೆ ಸಿಗುತ್ತದೆ. ನೇರ ಕೊಳವೆಯಲ್ಲಿ ನೆಗ್ಗು ಇದ್ದರೆ ಅದು ಒಳಗಿನದನ್ನು ಕೆರೆಯುತ್ತದೆ, ಅದು ಕೆಟ್ಟದ್ದು. ಕೆಳಗಿನ ಬಾಗಿದ ತುದಿಯಲ್ಲಿ ಸಣ್ಣದೊಂದಿದ್ದರೆ ಅಂಥ ತಲೆಬಿಸಿ ಬೇಡ, ಬೆಲ್ ಅಂಚಿನಲ್ಲಿದ್ದರೂ ಅಷ್ಟೇ. ಈಗ ಸ್ಲೈಡ್ ಎಣ್ಣೆಯನ್ನೋ ಕ್ರೀಮನ್ನೋ ಹಚ್ಚಿ, ನೀರು ಚಿಮುಕಿಸಿ, ಜೋಡಿಸಿ, ಎರಡೇ ಬೆರಳಲ್ಲಿ ಹಿಡಿದು ತುಂಬಾ ನಿಧಾನವಾಗಿ ಏಳನೇ ಪೊಸಿಷನ್‌ವರೆಗೆ ಒಯ್ದು ವಾಪಸ್ ತನ್ನಿ. ಜೋರಾಗಿ ಎಳೆದರೆ ಏನೂ ಗೊತ್ತಾಗುವುದಿಲ್ಲ, ಕೆಟ್ಟ ಸ್ಲೈಡೂ ಓಡುತ್ತದೆ. ನಿಧಾನವಾಗಿ ಎಳೆದಾಗ ಎಲ್ಲೋ ಒಂದು ಕಡೆ ತಡೆದಂತೆ, ಮರಳು ಸಿಕ್ಕಂತೆ ಆದರೆ ಆ ಜಾಗ ಗುರುತಿಟ್ಟುಕೊಳ್ಳಿ. ತಡೆ ಪ್ರತಿ ಸಲ ಅದೇ ಜಾಗದಲ್ಲಿದ್ದರೆ ನೆಗ್ಗು. ಉದ್ದಕ್ಕೂ ಬಿಗಿ ಇದ್ದರೆ ಎರಡು ಕೊಳವೆ ಸಮಾನಾಂತರವಾಗಿಲ್ಲ, ಅದನ್ನು ತಿಳಿದವರು ಸರಿಮಾಡಬಲ್ಲರು, ಆ ಖರ್ಚು ಹಿಡಿದು ಚೌಕಾಸಿ ಮಾಡಿ.

ಗಾಳಿ ಸೋರುತ್ತದೆಯಾ ನೋಡಿ. ಸ್ಲೈಡ್ ಲಾಕ್ ಹಾಕಿ, ಬೆಲ್ ಸೇರುವ ಬಾಯನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿ, ಮೌತ್‌ಪೀಸ್ ಕಡೆಯಿಂದ ಊದಿ. ಉಸಿರು ಅಲ್ಲೇ ನಿಲ್ಲಬೇಕು. ಒಳಗಿನ ನೀರು ಬಿಡುವ ವಾಟರ್ ಕೀ ಹತ್ತಿರ ಬುಸ್ ಅಂದರೆ ಕಾರ್ಕ್ ಬದಲಿಸಿದರಾಯಿತು, ಚಿಲ್ಲರೆ ಖರ್ಚು. ಕೊಳವೆಗಳ ಸಂದಿನಿಂದ ಸರಾಗವಾಗಿ ಹೋಗುತ್ತಿದ್ದರೆ ಸವೆತ. ಗೋವಾದ ಉಪ್ಪುಗಾಳಿಯಲ್ಲಿದ್ದ ವಾದ್ಯ ಅಂದಮೇಲೆ ಹಿತ್ತಾಳೆಯ ಮೇಲೆ ಗುಲಾಬಿ ಬಣ್ಣದ ಚುಕ್ಕೆಗಳಿವೆಯಾ ಅಂತಲೂ ಹುಡುಕಿ, ಮುಖ್ಯವಾಗಿ ಮೌತ್‌ಪೀಸ್ ಕೂರುವ ಕೊಳವೆಯ ಹತ್ತಿರ. ಹಸಿರು ಕಿಲುಬು ಒರೆಸಿದರೆ ಹೋಗುತ್ತದೆ. ಗುಲಾಬಿ ಚುಕ್ಕೆ ಹೋಗುವುದಿಲ್ಲ, ಹಿತ್ತಾಳೆಯಲ್ಲಿನ ಸತು ಕರಗಿ ಬರೀ ತಾಮ್ರ ಉಳಿದಿದೆ ಅಂತ ಅರ್ಥ, ಲೋಹ ಒಳಗಿನಿಂದಲೇ ತಿಂದುಹೋಗುತ್ತಿದೆ. ಶ್ರುತಿ ಹೊಂದಿಸುವ ಟ್ಯೂನಿಂಗ್ ಸ್ಲೈಡ್ ಕೈಯಲ್ಲಿ ಎಳೆದರೆ ಸರಿಯಬೇಕು. ಅಂಟಿಕೊಂಡಿದ್ದರೆ ನೀವು ಜೋರು ಮಾಡಬೇಡಿ, ಬೆಸುಗೆ ಬಿಟ್ಟೀತು.

ಇಷ್ಟೂ ಪಾಸಾದರೆ ಹಿಂದೆಮುಂದೆ ನೋಡಬೇಡಿ. ಸ್ಲೈಡ್ ಚೆನ್ನಾಗಿದ್ದು ಬೆಲ್ ಕಪ್ಪಾಗಿದ್ದರೂ ನಾನು ತಗೊಳ್ಳುತ್ತೇನೆ, ಬೆಲ್ ಫಳಫಳ ಅಂದು ಸ್ಲೈಡ್ ಸತ್ತಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಮತ್ತೆ ಆ ಹಿರಿಯರ ಹತ್ತಿರ ಅರ್ಧ ಗಂಟೆ ಕೂತು ನುಡಿಸಲು ಕೇಳಿಕೊಳ್ಳಿ. ಹಿಂದಿ ಸಿನಿಮಾ ಸ್ಟುಡಿಯೋಗಳ ಬ್ರಾಸ್ ಸಾಲು ತುಂಬಿದ್ದೇ ಗೋವಾದವರಿಂದ, ಆರ್.ಡಿ. ಬರ್ಮನ್ ಜೊತೆ ಟ್ರಾಂಬೋನ್ ನುಡಿಸಿದ ಬ್ಲಾಸ್ಕೊ ಮಾನ್ಸೊರೇಟ್ ಅಂಥವರ ತಲೆಮಾರಿನ ಕೈ ಹೇಗಿತ್ತು ಅನ್ನುವುದನ್ನು ಇಂಥ ಹಿರಿಯರ ಪಕ್ಕದಲ್ಲಿ ಕೂತೇ ಕಲಿಯಬೇಕು.

ಪ್ರಶ್ನೆ: ಐಟಿ ಕೆಲಸ, ವಯಸ್ಸು ಇಪ್ಪತ್ತೆಂಟು, ಶನಿವಾರ ಭಾನುವಾರ ಜಾಝ್. ಒಂದು ಲಕ್ಷದವರೆಗೆ ಹಾಕಬಲ್ಲೆ. ದೊಡ್ಡ ಬೋರ್, ಹೆಬ್ಬೆರಳಿನಿಂದ ಒತ್ತುವ ಟ್ರಿಗರ್ ಇರುವುದನ್ನೇ ತಗೋ, ಪ್ರೊಫೆಷನಲ್‌ಗಳೆಲ್ಲ ಅದನ್ನೇ ನುಡಿಸುತ್ತಾರೆ ಅಂತಾರೆ ಗೆಳೆಯರು. (ಔಂಧ್, ಪುಣೆ)

ಉತ್ತರ: ಆರ್ಕೆಸ್ಟ್ರಾದವರು ಅದನ್ನು ನುಡಿಸುತ್ತಾರೆ. ನೀವು ಆರ್ಕೆಸ್ಟ್ರಾದಲ್ಲಿಲ್ಲ ಅಲ್ವಾ? 0.547 ಇಂಚಿನ ಬೋರ್, ಅಂದರೆ 13.89 ಮಿ.ಮೀ., ಕೇಳಲು ಒಂದೇ ಮಿಲಿಮೀಟರ್ ವ್ಯತ್ಯಾಸ. ಆದರೆ ವಾರಕ್ಕೆ ಎರಡು ದಿನ ಊದುವವರಿಗೆ ಅದನ್ನು ತುಂಬುವಷ್ಟು ಉಸಿರು ಎಲ್ಲಿಂದ ಬರಬೇಕು. ಮೂರನೇ ಹಾಡಿಗೆ ತುಟಿ ಸೋಲುತ್ತದೆ, ದನಿಯೂ ಮಬ್ಬಾಗುತ್ತದೆ. ಜಾಝ್‌ಗೆ ಸಣ್ಣ ಬೋರ್, ಟ್ರಿಗರ್ ಇಲ್ಲದ ನೇರ ವಾದ್ಯ. ಯಮಾಹಾ ವೈಎಸ್‌ಎಲ್-354 ಕಣ್ಣುಮುಚ್ಚಿ ತಗೊಳ್ಳಬಹುದು, ಬೋರ್ 12.7 ಮಿ.ಮೀ., ವಿದ್ಯಾರ್ಥಿ ವಾದ್ಯ ಅಂತ ಕರೆದರೂ ಸ್ಲೈಡ್ ತುಂಬಾ ಚೆನ್ನಾಗಿರುತ್ತದೆ, ಮುಂದೆ ಮಾರಬೇಕಾದರೂ ಗಿರಾಕಿ ಸಿಗುತ್ತಾರೆ. ಜೊತೆಗೆ ಒಂದು ಒಳ್ಳೆಯ ಮೌತ್‌ಪೀಸ್‌ಗೆ ದುಡ್ಡು ಉಳಿಸಿ. ಬಾಕ್ 6½ ಎಎಲ್ ಅಳತೆ ಹೆಚ್ಚಿನವರಿಗೆ ಹೊಂದುತ್ತದೆ. ಶ್ಯಾಂಕ್ ಅಂದರೆ ಮೌತ್‌ಪೀಸ್‌ನಲ್ಲಿ ವಾದ್ಯದೊಳಗೆ ಕೂರುವ ತುದಿ, ಸಣ್ಣ ಶ್ಯಾಂಕ್‌ನದೇ ಬೇಕು ಅಂತ ಒತ್ತಿ ಹೇಳಿ. ದೊಡ್ಡ ಶ್ಯಾಂಕ್ ನಿಮ್ಮ ವಾದ್ಯಕ್ಕೆ ಕೂರುವುದೇ ಇಲ್ಲ.

ಪ್ರಶ್ನೆ: ಮಗನಿಗೆ ಹದಿನಾರು. ಟ್ರಿನಿಟಿ ಗ್ರೇಡ್ ಪರೀಕ್ಷೆ ಕೊಡುತ್ತಿದ್ದಾನೆ, ಮುಂದೆ ಹೊರದೇಶದಲ್ಲಿ ಸಂಗೀತವನ್ನೇ ಓದುವ ಆಸೆ. ಈಗ 354 ಇದೆ. ಎಫ್ ಅಟ್ಯಾಚ್‌ಮೆಂಟ್ ಇರುವುದು ಬೇಕಂತೆ, ಯಾಕೆ? (ತಂದೆ, ಚೆಂಬೂರು)

ಉತ್ತರ: ಬೇಕು, ಮಗ ಸರಿಯಾಗಿಯೇ ಕೇಳಿದ್ದಾನೆ. ಹೆಬ್ಬೆರಳಿನಲ್ಲಿ ಟ್ರಿಗರ್ ಒತ್ತಿದರೆ ಹಿಂದಿರುವ ಹೆಚ್ಚಿನ ಕೊಳವೆ ಸೇರಿಕೊಂಡು ಬಿ ಫ್ಲ್ಯಾಟ್ ವಾದ್ಯ ಎಫ್‌ಗೆ ಇಳಿಯುತ್ತದೆ. ಲೈಪ್‌ಜಿಗ್‌ನ ವಾದ್ಯ ತಯಾರಕ ಸಾಟ್ಲರ್ 1839ರಲ್ಲಿ ಮಾಡಿದ ಉಪಾಯ, ಇವತ್ತಿಗೂ ಅದೇ ನಡೆಯುತ್ತಿದೆ. ಆರನೇ ಪೊಸಿಷನ್‌ಗೆ ಓಡಿ ಹಿಡಿಯಬೇಕಾದ ಸಿ ಸ್ವರ ಒಂದನೆಯದರಲ್ಲೇ ಸಿಗುತ್ತದೆ, ನೇರ ವಾದ್ಯದಲ್ಲಿ ಇಲ್ಲವೇ ಇಲ್ಲದ ಕೆಳಗಿನ ಸ್ವರಗಳೂ ಬರುತ್ತವೆ. ಆರ್ಕೆಸ್ಟ್ರಾ ಸಂಗೀತಕ್ಕೆ ಅದಿಲ್ಲದೆ ಆಗುವುದಿಲ್ಲ. ಆ ದಾರಿಗೆ ಬಾಕ್ 42, ಕಾನ್ 88ಎಚ್, ಯಮಾಹಾ ಕ್ಸೆನೊ ಸಾಲಿನ ದೊಡ್ಡ ಬೋರ್‌ನವು, ಮೂರೂ 0.547 ಇಂಚು. ಹೊಸದಾದರೆ ಲಕ್ಷಗಳ ಮಾತು, ಯಜಮಾನರೇ, ಅವಸರ ಮಾಡಬೇಡಿ.

ಇವುಗಳಲ್ಲಿ ಯಾವುದು ಮೇಲು ಅಂತ ನಾನು ಹೇಳುವುದಿಲ್ಲ, ಅವನು ಊದಿ ನೋಡಿಯೇ ಹೇಳಬೇಕು. ಧೋಬಿ ತಲಾವ್‌ನಲ್ಲಿರುವ, 1865ರಲ್ಲಿ ಶುರುವಾದ ಫುರ್ಟಾಡೋಸ್‌ನಂಥ ಅಂಗಡಿಗೆ ಅವನನ್ನು ಕರೆದುಕೊಂಡು ಹೋಗಿ. ಅವನ ಈಗಿನ ಮೌತ್‌ಪೀಸ್ ಸಣ್ಣ ಶ್ಯಾಂಕ್, ಈ ದೊಡ್ಡ ವಾದ್ಯಗಳಲ್ಲಿ ಲೊಡಲೊಡ ಅನ್ನುತ್ತದೆ. ಅಲ್ಲಿ ದೊಡ್ಡ ಶ್ಯಾಂಕ್‌ನ 5ಜಿ ಅಥವಾ 6½ ಎಎಲ್ ಕೇಳಿ. ಬೇಕಾದ ಮಾಡೆಲ್ ಅಂಗಡಿಯಲ್ಲಿ ಇಲ್ಲದಿದ್ದರೆ ತರಿಸುವ ಮೊದಲು ಯಾರದ್ದಾದರೂ ವಾದ್ಯ ಊದಿ ನೋಡಲೇಬೇಕು. ನರಿಮನ್ ಪಾಯಿಂಟ್‌ನ ಎನ್‌ಸಿಪಿಎ ಕಲಾಕೇಂದ್ರದಲ್ಲಿ 2006ರಿಂದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ, ಕಛೇರಿ ಮುಗಿದ ಮೇಲೆ ವಾದಕರನ್ನು ವಿನಯದಿಂದ ಮಾತಾಡಿಸಿ, ಚಿಕ್ಕವರು ಆಸೆಯಿಂದ ಕೇಳಿದರೆ ಸಂಗೀತಗಾರರು ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ. ಬಜೆಟ್ ಅರ್ಧಕ್ಕೇ ನಿಂತರೆ 0.525 ಇಂಚಿನ ಮಧ್ಯಮ ಬೋರ್, ಟ್ರಿಗರ್ ಇರುವುದು, ಹಳೆಯದು ಹುಡುಕಿ. ಮತ್ತೆ 354 ಮಾರಬೇಡಿ. ಮುಂದೆ ಹಗುರ ಸಂಗೀತಕ್ಕೆ ಅವನೇ ಅದನ್ನು ಹುಡುಕುತ್ತಾನೆ.

ಪ್ರಶ್ನೆ: ಗಣಪತಿ ಮೆರವಣಿಗೆ, ಮದುವೆಗಳ ಬ್ಯಾಂಡ್ ನಮ್ಮದು. ವಾಲ್ವ್ ಟ್ರಾಂಬೋನ್ ತಗೊಂಡರೆ ಹೇಗೆ? (ಪುಣೆ ಕ್ಯಾಂಪ್)

ಉತ್ತರ: ನಿಮಗೆ ಅದೇ ಸರಿ. ಲಕ್ಷ್ಮೀ ರಸ್ತೆಯ ಜನಜಂಗುಳಿಯಲ್ಲಿ ಸ್ಲೈಡ್ ಚಾಚಲು ಜಾಗವೆಲ್ಲಿದೆ, ಯಾರ ಬೆನ್ನಿಗೋ ಬಡಿದು ಮೊದಲು ಕೆಡುವುದೇ ಅದು. ಮೂರು ವಾಲ್ವ್, ಬೆರಳು ಟ್ರಂಪೆಟ್‌ನಂತೆಯೇ, ಟ್ರಂಪೆಟ್ ಹುಡುಗ ಬೇಗ ಹಿಡಿಯುತ್ತಾನೆ. ಜಾರಿ ಬರುವ ಸ್ವರ ಮಾತ್ರ ಹೋಗುತ್ತದೆ. ಮೀರತ್‌ನಲ್ಲಿ ತಯಾರಾದ ವಾದ್ಯ ತಗೊಳ್ಳುವುದಾದರೆ ನಾಲ್ಕಾರು ಊದಿ ಒಂದನ್ನು ಆರಿಸಿ, ವಾಲ್ವ್ ಒತ್ತಿ ಬಿಟ್ಟಾಗ ತಟ್ಟನೆ ಮೇಲೆ ಬರಬೇಕು.

ಪ್ರಶ್ನೆ: ಮಳೆಗಾಲದಲ್ಲಿ ಸ್ಲೈಡ್ ಅಂಟುತ್ತದೆ. ತೆಂಗಿನೆಣ್ಣೆ ಹಚ್ಚಬಹುದೇ? (ಮುಲುಂಡ್)

ಉತ್ತರ: ಖಂಡಿತ ಬೇಡ. ಅದು ಗಟ್ಟಿಯಾಗಿ ಕೂತು ಕೊಳೆ ಹಿಡಿಯುತ್ತದೆ. ಹಚ್ಚಿಯಾಗಿದ್ದರೆ ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಉದ್ದನೆಯ ಬ್ರಷ್‌ನಿಂದ ಕೊಳವೆ ತೊಳೆಯಿರಿ. ಕುದಿನೀರು ಬೇಡ, ಲ್ಯಾಕರ್ ಏಳುತ್ತದೆ. ಸ್ಟಾಕಿಂಗ್ ಮೇಲೆ ಸ್ಲೈಡ್ ಕ್ರೀಮ್ ತೆಳ್ಳಗೆ ಹಚ್ಚಿ ನೀರು ಚಿಮುಕಿಸಿದರೆ ಸಾಕು. ನುಡಿಸಿದ ಮೇಲೆ ಒಳಗಿನ ನೀರು ಪೂರ್ತಿ ಸುರಿದು, ಒರೆಸಿ, ಆಮೇಲೆ ಪೆಟ್ಟಿಗೆಗೆ ಇಡಿ. ಪೆಟ್ಟಿಗೆಯೊಳಗಿನ ಬಟ್ಟೆಯೇ ಒದ್ದೆಯಾಗಿದ್ದರೆ ಮುಚ್ಚಳ ತೆರೆದು ಫ್ಯಾನ್ ಕೆಳಗೆ ಒಂದು ರಾತ್ರಿ ಬಿಡಿ, ವಾದ್ಯ ಮಾತ್ರ ಸ್ಟ್ಯಾಂಡ್ ಮೇಲೆ, ಮಕ್ಕಳ ಕೈಗೆ ಸಿಗದ ಮೂಲೆಯಲ್ಲಿ.