ಬೆಳೆಯನ್ನು ಬಿಟ್ಟು ಕಳೆಯ ಮೇಲೆ ಮಾತ್ರ ಔಷಧಿ ಸಿಂಪಡಿಸಲು ಯಂತ್ರಕ್ಕೆ ಹೇಗೆ ಸಾಧ್ಯವಾಗುತ್ತದೆ?

ಬೆಳೆಯಿಲ್ಲದ ಹೊಲದಲ್ಲಿ ಈ ಕೆಲಸ ಸುಲಭ. ಆಸ್ಟ್ರೇಲಿಯಾದ ಗೋಧಿ ಸೀಮೆಯಲ್ಲಿ ಬಿತ್ತನೆಗೆ ಮುನ್ನ ಬಳಸುವ ಕೆಲವು ಯಂತ್ರಗಳ ಸೆನ್ಸರ್‌ಗಳು ನೆಲದ ಮೇಲೆ ಕೆಂಪು ಮತ್ತು ಅವಕೆಂಪು (ಕಣ್ಣಿಗೆ ಕಾಣದ ಇನ್‌ಫ್ರಾರೆಡ್) ಬೆಳಕನ್ನು ಬೀರುತ್ತವೆ. ಹಸಿರೆಲೆಯು ಕೆಂಪನ್ನು ಹೀರಿಕೊಂಡು ಅವಕೆಂಪನ್ನು ಹೆಚ್ಚಾಗಿ ಹಿಂದಿರುಗಿಸುವುದರಿಂದ, ಬರಿ ಮಣ್ಣು ಮತ್ತು ಕೂಳೆಯ ನಡುವೆ ಗಿಡವಿರುವ ಕಡೆ ಮಾತ್ರ ಔಷಧಿ ಚಿಮ್ಮುವ ನಾಜಲ್ ತೆರೆದುಕೊಳ್ಳುತ್ತದೆ. ಆದರೆ ಅದಕ್ಕೆ ಹಸಿರೆಲ್ಲವೂ ಒಂದೇ. ನಿಂತ ಬೆಳೆಯಲ್ಲಿ ಬಳಸಿದರೆ ಬೆಳೆಯನ್ನೂ ಸುಟ್ಟೀತು.

ಅಲ್ಲಿ ಎಲೆಯ ಆಕಾರವನ್ನು ಗುರುತಿಸಬಲ್ಲ ಕ್ಯಾಮೆರಾ ಬೇಕಾಗುತ್ತದೆ. 2017ರಲ್ಲಿ ಇಂಥ ತಂತ್ರಜ್ಞಾನದ ಬ್ಲೂ ರಿವರ್ ಟೆಕ್ನಾಲಜಿ ಎಂಬ ಕಂಪನಿಯನ್ನು ಕೊಂಡುಕೊಂಡ ಅಮೆರಿಕದ ಜಾನ್ ಡಿಯರ್ ಕಂಪನಿಯ ‘ಸೀ ಅಂಡ್ ಸ್ಪ್ರೇ’ ಯಂತ್ರದಲ್ಲಿ, 120 ಅಡಿ ಅಗಲದ ತೋಳಿನುದ್ದಕ್ಕೂ 36 ಕ್ಯಾಮೆರಾಗಳಿದ್ದು, ಮೆಕ್ಕೆಜೋಳ, ಸೋಯಾ ಮತ್ತು ಹತ್ತಿಯ ಅಸಂಖ್ಯ ಚಿತ್ರಗಳಿಂದ ತರಬೇತಿ ಪಡೆದ ಕಂಪ್ಯೂಟರ್, ಯಂತ್ರ ಚಲಿಸುತ್ತಿರುವಾಗಲೇ ಕಳೆಯನ್ನು ಪ್ರತ್ಯೇಕಿಸಿ ಅದರ ನೇರಕ್ಕಿರುವ ನಾಜಲ್‌ಗೆ ಆಜ್ಞೆ ನೀಡುತ್ತದೆ.

ಉಳಿತಾಯವು ಯಂತ್ರಕ್ಕಿಂತ ಹೊಲವನ್ನೇ ಹೆಚ್ಚು ಅವಲಂಬಿಸಿದೆ. ಕಳೆ ಅಲ್ಲಲ್ಲಿ ಗುಂಪಾಗಿದ್ದರೆ ಔಷಧಿ ಬಹಳಷ್ಟು ಉಳಿಯುತ್ತದೆ. ಹೊಲವೆಲ್ಲ ಹಬ್ಬಿದ್ದರೆ ಉಳಿಯುವುದು ಅಷ್ಟಕ್ಕಷ್ಟೇ. ಬೆಳೆಯ ಎಲೆಗಳು ಸಾಲನ್ನು ಮುಚ್ಚಿದ ಮೇಲೆ ಕೆಳಗಿನ ಕಳೆ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಕಳೆ ಮೊಳೆಯುವ ಮುನ್ನ ಹಾಕುವ ಔಷಧಿಯನ್ನಂತೂ ಇಡೀ ಹೊಲಕ್ಕೇ ಸಿಂಪಡಿಸಬೇಕು. ನಮ್ಮಲ್ಲಿನ ಎರಡು-ಮೂರು ಎಕರೆಯ ಮೆಕ್ಕೆಜೋಳಕ್ಕೆ, ನನ್ನ ಅಭಿಪ್ರಾಯದಲ್ಲಿ, ಸಕಾಲಕ್ಕೆ ಎಡೆಕುಂಟೆ ಹೊಡೆಯುವುದೇ ಸದ್ಯಕ್ಕೆ ಲೇಸು.